ಎರಡನೆಯದನ್ನು ಎಬ್ಬಿಸುವ ಕೆಲಸ

ಕರೆದ ಕೂಡಲೇ ‘ಓ’ ಎನ್ನುವವರಿಗೆ ಈ ಲೋಕದಲ್ಲಿ ಏಳಿಗೆಯಿಲ್ಲ. ಇದು ನಾನು ಯಾವ ಗುರುಗಳ ಕಾಲಿಗೂ ಬೀಳದೆ ಸ್ವಂತವಾಗಿ ಕಂಡುಕೊಂಡ ಸತ್ಯ. ನಮ್ಮ ಯಜಮಾನರನ್ನೇ ನೋಡಿ. ಜಾಲಹಳ್ಳಿಯ ಕ್ವಾರ್ಟರ್ಸಿನಲ್ಲಿ ಅವರು ಪೇಪರು ಹಿಡಿದು ಕೂತರೆಂದರೆ ಹಾಲಿನವನು ಕೂಗಲಿ, ಕುಕ್ಕರು ಕೂಗಲಿ, ಸ್ವಂತ ತಾಯಿಯೇ ಕೂಗಲಿ, ಪೇಪರು ಅಲುಗಾಡುವುದಿಲ್ಲ. ಅಷ್ಟರಲ್ಲಿ ನಾನು ಎದ್ದು ಹೋಗಿರುತ್ತೇನೆ. ಹೀಗಾಗಿ ಅವರು ಬಹಳ ಶಾಂತ ಸ್ವಭಾವದವರೆಂದೂ ನಾನು ಸಿಡುಕಿಯೆಂದೂ ನಮ್ಮ ಬೀದಿಯಲ್ಲಿ ಹೆಸರಾಗಿದೆ. ಮೂರು ಕಡೆಯ ಕೂಗಿಗೂ ಓಡುವವಳು ಸಿಡುಕದೆ ಸಂಗೀತ ಹಾಡುತ್ತಾಳೆಯೇ?

ವಿಚಿತ್ರವೆಂದರೆ, ನನ್ನ ನೌಕರಿಯೂ ಇದೇ ಆಗಿತ್ತು. ಅದು ಎಂಬತ್ತರ ದಶಕ. ಪೀಣ್ಯದಲ್ಲಿ, ಹಗಲೆಲ್ಲ ಲೇತ್ ಯಂತ್ರ ಕಿರುಚುವ ಒಂದು ಶೆಡ್ಡಿನ ಪಕ್ಕದಲ್ಲಿ, ನಮ್ಮ ಕಾರ್ಖಾನೆ. ಅಲ್ಲಿ ನಾವು ಕಂಪ್ಯೂಟರಿನಿಂದ ನಡೆಯುವ ಟೆಲಿಫೋನ್ ಎಕ್ಸ್‌ಚೇಂಜ್ ಮಾಡುತ್ತಿದ್ದೆವು. (ನನ್ನ ತಾಯಿ ನೆಂಟರಿಗೆಲ್ಲ “ನಮ್ಮ ವಿಮಲಾ ಫೋನ್ ರಿಪೇರಿ ಮಾಡ್ತಾಳೆ” ಎಂದು ಹೇಳಿದ್ದರಿಂದ ನಾಲ್ಕು ಮನೆಯವರು ಕೆಟ್ಟ ರೇಡಿಯೋ ತಂದುಕೊಟ್ಟಿದ್ದರು.) ಆ ಕಂಪ್ಯೂಟರಿನೊಳಗಿನ ಎಲ್ಲ ಕೆಲಸಗಳ ಮೇಲೂ ಯಜಮಾನಿಕೆ ಮಾಡುವ ಒಂದು ಮೂಲ ಪ್ರೋಗ್ರಾಂ ಇರುತ್ತದೆ, ಕರ್ನಲ್ ಎನ್ನುತ್ತಾರೆ. ಅದನ್ನು ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಯಾರಾದರೂ ಫೋನು ಎತ್ತಿದರೆ ಸಾಕು, ಒಳಗೆ ಪ್ರೊಸೆಸರಿಗೆ, ಎಂದರೆ ಯಂತ್ರದ ಮಿದುಳಿಗೆ, ಒಂದು ಕೂಗು ಬೀಳುತ್ತದೆ. ಅದಕ್ಕೆ ಇಂಟರಪ್ಟ್ ಎಂದು ಹೆಸರು. ಕೂಗಿದ ತಕ್ಷಣ ಅದು ಮಾಡುತ್ತಿದ್ದ ಕೆಲಸ ಬಿಟ್ಟು ಓಡಬೇಕು. ಓಡಿ ಅಲ್ಲೇ ಪೂರ್ತಿ ಕೆಲಸ ಮಾಡುತ್ತ ನಿಂತರೆ, ಅಷ್ಟರಲ್ಲಿ ಬಂದ ಇನ್ನೊಂದು ಕೂಗು ಕೇಳಿಸದೆ ಹೋಗುತ್ತದೆ.

ನಮ್ಮ ಯಂತ್ರದಲ್ಲಿ ಪ್ರೊಸೆಸರುಗಳು ಎರಡಿದ್ದವು. ಅದನ್ನು ನೋಡಿ ನಾನೊಂದು ಉಪಾಯ ಮಾಡಿದೆ. ಮೊದಲನೆಯದು ಕೂಗಿಗೆ ‘ಓ’ ಎಂದು, ಆಗಬೇಕಾದ್ದನ್ನು ಚುಟುಕಾಗಿ ಚೀಟಿಯಲ್ಲಿ ಬರೆದಿಟ್ಟು ವಾಪಸ್ಸಾಗುವುದು. ಉಳಿದ ದೊಡ್ಡ ಕೆಲಸವನ್ನು ಎರಡನೆಯದು ನಿಧಾನವಾಗಿ ಮಾಡುವುದು. ಮನೆಯಲ್ಲಿ ನಡೆಯದ ನ್ಯಾಯವನ್ನು ಯಂತ್ರದಲ್ಲಾದರೂ ನಡೆಸಿದೆನಲ್ಲ ಎಂದು ನನಗೆ ಒಳಗೊಳಗೇ ಸಂತೋಷ. ಆದರೆ ಒಂದು ತೊಡಕಿತ್ತು. ಈ ಎರಡನೆಯದು ಕೆಲಸವಿಲ್ಲದಿದ್ದಾಗ ನಿದ್ದೆ ಮಾಡುತ್ತಿತ್ತು. ಆದ್ದರಿಂದ ಚೀಟಿ ಬರೆದಿಟ್ಟ ಮೇಲೆ ಮೊದಲನೆಯದು ಅದನ್ನೊಮ್ಮೆ ತಿವಿದು ಎಬ್ಬಿಸಬೇಕು. ಆ ತಿವಿತವನ್ನೂ ನಾನು ಬರೆದಿದ್ದೆ.

ನಮ್ಮ ಮ್ಯಾನೇಜರು ಮೂರ್ತಿಗಳ ಕಣ್ಣಿಗೆ ಅದು ಬಿತ್ತು. ಮೂರ್ತಿಗಳು ಬೂದುಬಣ್ಣದ ಸಫಾರಿ ಸೂಟು ಹಾಕಿ, ಜೇಬಿನಲ್ಲಿ ಮೂರು ಬಣ್ಣದ ಪೆನ್ನು ಸಿಕ್ಕಿಸಿಕೊಂಡು, ಎಲ್ಲದರಲ್ಲೂ ಉಳಿತಾಯ ಹುಡುಕುವ ಮನುಷ್ಯ. ದೆಹಲಿಯಿಂದ ದೂರವಾಣಿ ಇಲಾಖೆಯ ದೊಡ್ಡ ಅಧಿಕಾರಿ ನಮ್ಮ ಯಂತ್ರ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಆರ್ಡರು, ಒಪ್ಪದಿದ್ದರೆ ನಮ್ಮ ವಿಭಾಗಕ್ಕೆ ಬೀಗ ಎಂದು ಎಂ.ಡಿ. ಹೇಳಿಬಿಟ್ಟಿದ್ದರು.

“ಏನ್ರೀ ಇದು, ಪ್ರತಿ ಸಲ ತಿವಿಯೋದು?” ಎಂದರು ಮೂರ್ತಿಗಳು. “ಸುಮ್ನೆ ಟೈಮ್ ವೇಸ್ಟು. ತೆಗೀರಿ ಅದನ್ನ.”

“ಸಾರ್, ಅದು ಮಲಗಿದ್ರೆ ಎಬ್ಬಿಸೋರು ಯಾರು?”

“ಒಂದು ಕೆಲಸ ಮುಗಿಸಿದ ಮೇಲೆ ಇನ್ನೇನಾದ್ರೂ ಇದ್ಯಾ ಅಂತ ಅದೇ ನೋಡತ್ತಲ್ರೀ!”

“ಎದ್ದಿದ್ರೆ ನೋಡತ್ತೆ ಸಾರ್.”

“ನೀವು ಹೆಂಗಸರು ಎಲ್ಲಾದ್ರಲ್ಲೂ ಅನುಮಾನ” ಎಂದು ಹೇಳಿ, ಅವರೇ ತಿವಿತವನ್ನು ತೆಗೆಸಿ, ಪ್ರೋಗ್ರಾಂ ತುಂಬಿಡುವ ಚಿಪ್‌ಗಳನ್ನು ಹೊಸದಾಗಿ ಬರೆಸಿ, ಪರೀಕ್ಷಿಸಿಯೂ ಬಿಟ್ಟರು. ಪರೀಕ್ಷೆಯಲ್ಲಿ ಒಂದೇ ಸಮನೆ ನೂರಾರು ಕರೆಗಳು ಬೀಳುತ್ತಿದ್ದುದರಿಂದ ಎರಡನೆಯದಕ್ಕೆ ಮಲಗಲು ಪುರಸೊತ್ತೇ ಇರಲಿಲ್ಲ. ಯಂತ್ರ ಮೊದಲಿಗಿಂತ ಚುರುಕಾಗಿಯೇ ಓಡಿತು. ಮೂರ್ತಿಗಳು ನನ್ನ ಕಡೆ ನೋಡಿ ನಕ್ಕ ನಗೆ ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಜೀರ್ಣವಾಗಿಲ್ಲ.

ಅಧಿಕಾರಿಗಳು ಬಂದರು. ಮೈಸೂರು ಕಡೆಯವರೇ, ದೆಹಲಿಯಲ್ಲಿ ತಲೆ ನರೆತವರು. ಗಂಧದ ಹಾರ, ಗೋಡಂಬಿ, ಕಾಫಿ ಎಲ್ಲ ಆಯಿತು. ಮುಂದಿನ ಮೇಜಿನ ಮೇಲೆ ಹೊಳೆಯುವ ಫೋನುಗಳನ್ನು ಸಾಲಾಗಿ ಇಟ್ಟಿದ್ದೆವು. ಹಿಂದೆ, ಯಂತ್ರದ ಬೀರುಗಳ ಪಕ್ಕದ ಬೆಂಚಿನ ಮೇಲೆ, ಗೀರುಬಿದ್ದ ಹಳೆಯ ಫೋನುಗಳ ಜೊತೆ ನನ್ನನ್ನೂ, ಲಗ್ಗೆರೆಯಿಂದ ಬರುತ್ತಿದ್ದ ನಮ್ಮ ವೈರ್‌ಮನ್ ಬಸವರಾಜುವನ್ನೂ ಇಟ್ಟಿದ್ದರು. ಅಧಿಕಾರಿಗಳು ಗಂಭೀರವಾಗಿ ಫೋನು ಎತ್ತಿ ಕಿವಿಗಿಟ್ಟರು. ಇಟ್ಟುಕೊಂಡೇ ಇದ್ದರು.

“ಏನ್ರೀ, ಸದ್ದೇ ಇಲ್ಲ?”

“ಒಂದೇ ನಿಮಿಷ ಸಾರ್” ಎಂದ ಮೂರ್ತಿಗಳ ಮುಖ ಸಫಾರಿಯ ಬಣ್ಣಕ್ಕೆ ತಿರುಗಿತು. ನನಗೆ ತಕ್ಷಣ ಹೊಳೆಯಿತು. ಇಡೀ ಕಾರ್ಖಾನೆಯೇ ಉಸಿರು ಬಿಗಿಹಿಡಿದ ಆ ಮೌನದಲ್ಲಿ ಬೇರೆ ಒಂದು ಕರೆಯೂ ಇರಲಿಲ್ಲ. ಎರಡನೆಯದು ಗಡದ್ದಾಗಿ ನಿದ್ದೆ ಮಾಡುತ್ತಿತ್ತು, ಅಧಿಕಾರಿಗಳ ಚೀಟಿ ಅದರ ತಲೆದೆಸೆಯಲ್ಲಿ ಬಿದ್ದಿತ್ತು. ಹಿಂದಿನ ಬೆಂಚಿನ ಫೋನುಗಳ ಕೂಗು ಮಾತ್ರ ನೇರವಾಗಿ ಎರಡನೆಯದಕ್ಕೇ ಹೋಗುತ್ತಿತ್ತು; ಆ ಕೂಗಿಗೆ ಎದ್ದರೆ ಅದು ತಲೆದೆಸೆಯ ಚೀಟಿಯನ್ನೂ ನೋಡುತ್ತಿತ್ತು. ನನ್ನ ಕೈ ತಾನಾಗಿಯೇ ಮುಂದೆ ಹೋಗಿ ಒಂದು ಹಳೆಯ ಫೋನನ್ನು ಎತ್ತಿ ಇಟ್ಟಿತು.

“ಹಾಂ, ಬಂತು ಬಂತು!” ಎಂದರು ಅಧಿಕಾರಿಗಳು.

ಅಲ್ಲಿಗೆ ಮುಗಿಯಲಿಲ್ಲ. ಅವರು ತಿರುಗಿಸಿದ ಒಂದೊಂದು ಅಂಕಿಯೂ ಒಂದೊಂದು ಹೊಸ ಚೀಟಿ. ಅಂಕಿಯಿಂದ ಅಂಕಿಗೆ ಎರಡನೆಯದು ಮತ್ತೆ ಮಲಗುತ್ತಿತ್ತು. ನಾನು ಮತ್ತೆ ಎತ್ತಿ ಇಡುತ್ತಿದ್ದೆ. ಎತ್ತು, ಇಡು, ಎತ್ತು, ಇಡು. ಬಸವರಾಜು ಗಾಬರಿಯಿಂದ ನನ್ನ ಕಿವಿಯ ಹತ್ತಿರ ಬಗ್ಗಿದ.

“ಯಾಕ್ ಮೇಡಂ ಇಂಗೆ ಎತ್ತಿ ಎತ್ತಿ ಮಡಗ್ತಿದ್ದೀರಾ? ಉಸಾರಿಲ್ವಾ?”

“ಸುಮ್ನಿರಪ್ಪ. ನಾನು ನಿಲ್ಸಿದ್ರೆ ಎಲ್ಲಾ ನಿಂತ್ಹೋಗತ್ತೆ.”

ಅವನಿಗೆ ನನ್ನ ತಲೆ ಕೆಟ್ಟಿರುವುದು ಖಾತ್ರಿಯಾಯಿತು. ಸ್ವಲ್ಪ ಸರಿದು ನಿಂತ.

ಮುಂದೆ ಕರೆಯ ಮೇಲೆ ಕರೆ ಸಾಗಿತು. ಅಧಿಕಾರಿಗಳು ಈ ಫೋನಿನಿಂದ ಆ ಫೋನಿಗೆ ಮಾತಾಡಿದರು, ಎಂ.ಡಿ. ಅವರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು “ಹಲೋ, ಕೇಳಿಸ್ತಾ ಇದ್ಯಾ?” ಎಂದರು. ಮೂರ್ತಿಗಳಿಗೆ ಧೈರ್ಯ ಬಂದು, ಯಂತ್ರ ಎಷ್ಟು ಚುರುಕೆಂದು ಇಂಗ್ಲಿಷಿನಲ್ಲಿ ವರ್ಣಿಸತೊಡಗಿದರು. ನನ್ನ ಮಣಿಕಟ್ಟು ಸೋತು ಕೈ ಬದಲಾಯಿಸಿಕೊಳ್ಳುವಾಗ ಫೋನು ಟಣ್ಣೆಂದಿತು. ಅಧಿಕಾರಿಗಳು ತಿರುಗಿ ನೋಡಿದರು.

“ಆ ಹೆಣ್ಣುಮಗಳು ಏನ್ ಮಾಡ್ತಾ ಇದ್ದಾರೆ ಅಲ್ಲಿ?”

ಮೂರ್ತಿಗಳು ನನ್ನನ್ನು ನೋಡಿದರು. ನನ್ನ ಕೈಯನ್ನೂ ನೋಡಿದರು. ಅವರು ದಡ್ಡರಲ್ಲ. ನಾನು ಏನು ಮಾಡುತ್ತಿದ್ದೇನೆಂದು ಆ ಕ್ಷಣವೇ ಅವರಿಗೆ ಅರ್ಥವಾದದ್ದನ್ನು ನಾನು ಅವರ ಕಣ್ಣಿನಲ್ಲೇ ಕಂಡೆ. ಆಮೇಲೆ ಅವರು ಅಧಿಕಾರಿಗಳ ಕಡೆ ತಿರುಗಿ ಹಲ್ಲು ಬಿಟ್ಟರು.

“ಅವ್ರಾ ಸಾರ್? ಮನೆಗೆ ಫೋನ್ ಮಾಡೋಕೆ ನೋಡ್ತಿರ್ಬೇಕು. ಲೇಡೀಸ್ ಅಲ್ವಾ ಸಾರ್, ಮನೆ, ಮಕ್ಕಳು, ಸಾರು, ಹುಳಿ...”

ಎಲ್ಲರೂ ನಕ್ಕರು. ಎಂ.ಡಿ. ಅವರೂ ನಕ್ಕರು. ನಮ್ಮ ಮನೆಯಲ್ಲಿ ಆಗ ಫೋನೇ ಇರಲಿಲ್ಲ. ಆ ಹಳೆಯ ಫೋನಿಗೆ ಕಾರ್ಖಾನೆಯ ಗೇಟಿನಾಚೆಗೆ ಹೋಗುವ ತಂತಿಯೂ ಇರಲಿಲ್ಲ. ಎಲ್ಲರೂ ನಗುತ್ತಿದ್ದಾಗಲೇ ಅಧಿಕಾರಿಗಳು ಇನ್ನೊಂದು ಅಂಕಿ ತಿರುಗಿಸಿದರು. ನನ್ನ ಕಣ್ಣಿನಲ್ಲಿ ನೀರು ತುಂಬಿತ್ತು. ನಾನು ಎತ್ತಿ ಇಟ್ಟೆ.

ಆರ್ಡರು ಸಿಕ್ಕಿತು. ಸಾಯಂಕಾಲ ಮೈಸೂರು ಪಾಕು ಹಂಚಿದರು. ನಾನು ಯಾರನ್ನೂ ಕೇಳದೆ ತಿವಿತವನ್ನು ವಾಪಸ್ಸು ಹಾಕಿ, ಮೂರ್ತಿಗಳ ಮುಂದೆ ಹೋಗಿ ನಿಂತು ಹೇಳಿದೆ. ಅವರು ಬಾಯಿಯಲ್ಲಿದ್ದ ಸಿಹಿ ನುಂಗಿ, ಬಾಗಿಲ ಕಡೆ ನೋಡಿ, “ಒಳ್ಳೇದಾಯ್ತು ಕಣಮ್ಮ. ಆದ್ರೆ ಈಗ ಅದನ್ನೆಲ್ಲ ದೊಡ್ಡದು ಮಾಡೋದು ಬೇಡ” ಎಂದರು. ಅದುವರೆಗೆ ‘ಏನ್ರೀ’ ಆಗಿದ್ದವಳು ಆ ಹೊತ್ತಿನಿಂದ ‘ಕಣಮ್ಮ’ ಆದೆ. ನನಗೆ ಸಿಕ್ಕ ಬಡ್ತಿ ಅದೊಂದೇ. ಅವರು ಜನರಲ್ ಮ್ಯಾನೇಜರ್ ಆದರು.

ಮನೆಗೆ ಬಂದು ಯಜಮಾನರ ಮುಂದೆ ಎಲ್ಲವನ್ನೂ ಹೇಳಿ ಅತ್ತುಬಿಟ್ಟೆ. ಅವರು ಆ ದಿನ ಪೇಪರನ್ನು ಕೆಳಗಿಟ್ಟರು, ಅಷ್ಟು ಮಾತ್ರ ಒಪ್ಪಬೇಕು.

“ಅಲ್ವೇ, ನೀನು ಎತ್ತದೇ ಇದ್ದಿದ್ರೆ?”

“ಮೂರ್ತಿಗಳ ಬಂಡವಾಳ ಎಲ್ಲರ ಮುಂದೆ ಬಯಲಾಗ್ತಿತ್ತು.”

“ಮತ್ಯಾಕೆ ಎತ್ತಿದೆ?”

“ವಿಭಾಗ ಮುಚ್ತಿದ್ರು. ಬಸವರಾಜುಗೆ ಮೊನ್ನೆ ಮೊನ್ನೆ ಮದುವೆಯಾಗಿದೆ. ಅಷ್ಟಕ್ಕೂ ಅದು ನಾನು ಬರೆದ ಯಂತ್ರ. ಹಾಗೆ ಮೂಕನ ಥರ ನಿಂತಿದ್ರೆ ನೋಡೋಕಾಗ್ಲಿಲ್ಲ.”

“ಹಾಗಾದ್ರೆ ಅಳೋದ್ಯಾಕೆ?” ಎಂದು ಅವರು ಮತ್ತೆ ಪೇಪರು ಎತ್ತಿಕೊಂಡರು. ಅಷ್ಟರಲ್ಲಿ ಕುಕ್ಕರು ಕೂಗಿತು. ನಾನು ಕಣ್ಣೊರೆಸಿಕೊಂಡು ಎದ್ದು ಹೋದೆ.

ಮುಂದಿನ ವಾರ ಎಂ.ಡಿ. ಕಚೇರಿಯಿಂದ ಒಂದು ಸುತ್ತೋಲೆ ಬಂತು. ಮಹಿಳಾ ಸಿಬ್ಬಂದಿ ಕೆಲಸದ ವೇಳೆಯಲ್ಲಿ, ಅದರಲ್ಲೂ ಗಣ್ಯರು ಬಂದಿರುವಾಗ, ಸ್ವಂತ ದೂರವಾಣಿ ಕರೆಗಳನ್ನು ಮಾಡಕೂಡದು, ಓದಿ ಸಹಿ ಮಾಡತಕ್ಕದ್ದು. ನಮ್ಮ ವಿಭಾಗದಲ್ಲಿದ್ದ ಮಹಿಳಾ ಸಿಬ್ಬಂದಿಯೆಂದರೆ ನಾನೊಬ್ಬಳೇ. ಜವಾನ ಅದನ್ನು ನನ್ನ ಮೇಜಿನ ಮೇಲಿಟ್ಟು ಗೋಡೆ ನೋಡುತ್ತ ನಿಂತ. ಹರಿದು ಮುಖಕ್ಕೆ ಎಸೆಯಬೇಕು, ರಾಜೀನಾಮೆ ಕೊಟ್ಟು ಹೊರಡಬೇಕು, ಕಡೇಪಕ್ಷ ನಾಲ್ಕು ಮಾತಾದರೂ ಬರೆಯಬೇಕು ಎಂದುಕೊಂಡು ಪೆನ್ನು ತೆಗೆದೆ. ಕೋಪದಲ್ಲಿ ಕಣ್ಣು ಅಕ್ಷರಗಳ ಮೇಲೆ ನೆಟ್ಟಿತು. ಟೈಪು ಮಾಡಿದವರು ‘ದೂರವಾಣಿ’ ಎನ್ನುವ ಕಡೆಯಲ್ಲೆಲ್ಲ ‘ದುರವಾಣಿ’ ಎಂದು ಹೊಡೆದಿದ್ದರು. ನಾನು ಒಂದೊಂದಕ್ಕೂ ದೀರ್ಘ ಹಾಕಿ, ಸರಿಪಡಿಸಿ, ಕೆಳಗೆ ಸಹಿ ಮಾಡಿ ಕಳಿಸಿದೆ.