ಕೊಳದ ತಳದಲ್ಲಿ ನಾಲ್ಕು ಚಂದ್ರರು

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಯಜ್ಞೇಶ್ವರ ರಾಯರು ಹಿತ್ತಲಿನ ಈಜುಕೊಳದ ಅಂಚಿನಲ್ಲಿ ಬೋರಲು ಮಲಗಿ, ಪೊರಕೆಯ ಕೋಲಿನ ತುದಿಗೆ ತಮ್ಮದೇ ಹಳೆಯ ಕಾಲುಚೀಲ ಕಟ್ಟಿ, ಅದರೊಳಗೆ ವಿಟಮಿನ್ ಸಿ ಗುಳಿಗೆಗಳನ್ನು ತುಂಬಿ, ನೀರಿನ ತಳಕ್ಕೆ ಒತ್ತಿ ಹಿಡಿದಿದ್ದರು.

"ಎಂತ, ಕೊಳಕ್ಕೆ ಶೀತವಾ?" ಬಾಗಿಲಲ್ಲಿ ನಿಂತ ಹೆಂಡತಿ ವೇದಾವತಿ ಕೇಳಿದರು.

"ನಗಬೇಡ ವೇದಾ. ಇದು ತನಿಖೆ! ಇನ್ನು ಸ್ವಲ್ಪ ಹೊತ್ತಿಗೆ ಅಪರಾಧಿ ಬಾಯಿ ಬಿಡ್ತಾನೆ. ಈ ಕಲೆ ತೆಗೆದು ನಿನ್ನನ್ನು ಈ ನೀರಲ್ಲಿ ನಡೆಸದಿದ್ದರೆ ನನ್ನ ಹೆಸರು ಯಜ್ಞೇಶ್ವರನೇ ಅಲ್ಲ!"

"ಹೆಸರು ಆಮೇಲೆ ಬದಲಿಸುವ. ಮೊದಲು ಆ ಕಾಲುಚೀಲದ ಜೋಡಿ ಇನ್ನೊಂದನ್ನು ಎಲ್ಲಿಟ್ಟಿದ್ದೀರಿ ಹೇಳಿ."

ಈಜುಕೊಳ ಎಂದರೆ ಯಾರೂ ಹೊಟ್ಟೆ ಉರಿದುಕೊಳ್ಳಬೇಕಾಗಿಲ್ಲ. ಠಾಣೆಯ ಘೋಡಬಂದರ್ ರಸ್ತೆಯ ರೋ ಹೌಸು ಎಂಬ ಸಾಲುಮನೆಗಳನ್ನು ಮಾರುವಾಗ ಬಿಲ್ಡರ್ 'ಖಾಸಗಿ ಈಜುಕೊಳ' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದ. ಎರಡು ಎಮ್ಮೆ ಇಳಿದರೆ ಮೂರನೆಯದು ಮೆಟ್ಟಿಲ ಮೇಲೆ ಕಾಯಬೇಕು, ಅಷ್ಟು ವಿಶಾಲ! ಈಜಲೆಂದು ಕೈ ಚಾಚಿದರೆ ಆಚೆಯ ಗೋಡೆ ಕೈಕುಲುಕುತ್ತಿತ್ತು. ಆದರೆ ನೀರು ಸೊಂಟಮಟ್ಟ. ನಡೆಯುವುದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ವೇದಾವತಿಯವರ ಮೊಣಕಾಲು ನೋಡಿದ ಡಾಕ್ಟರೂ ಅದನ್ನೇ ಹೇಳಿದ್ದರು: ದಿನಾ ನೀರಿನಲ್ಲಿ ನಡೆಯಬೇಕು, ಇಲ್ಲವಾದರೆ ಆಪರೇಷನ್.

ಮೊದಲ ದಿನ ರಾಯರು ದಡದಲ್ಲಿ ನಿಂತು, "ಹಿಮ್ಮಡಿ ಮೊದಲು! ಬೆನ್ನು ನೇರ! ಉಸಿರು ಬಿಡು, ಈಗಲ್ಲ, ಈಗ!" ಎಂದು ನಿರ್ದೇಶನ ಕೊಟ್ಟರು. ವೇದಾವತಿ ಅರ್ಧ ದಾರಿಯಲ್ಲೇ ಮೆಟ್ಟಿಲು ಹತ್ತಿ ಒಳಗೆ ಹೋದರು. ಕೆಲವು ದಿನ ಕಳೆದು ಕೊಳದ ತಳದಲ್ಲಿ ಕಂದು ಕಲೆಗಳು ಕಂಡವು. "ಅದು ಹೋಗುವವರೆಗೆ ನಾನು ಇಳಿಯುದಿಲ್ಲ" ಎಂದುಬಿಟ್ಟರು ವೇದಾವತಿ. ಮಹಾಪೆಯ ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ತಲೆ ನರೆಸಿಕೊಂಡ ರಾಯರಿಗೆ ಇದಕ್ಕಿಂತ ದೊಡ್ಡ ಸವಾಲು ಬೇಕೆ?

ಆ ಕಲೆಗಳು ಬಲು ವಿಚಿತ್ರ. ನಾಲ್ಕೇ ನಾಲ್ಕು, ನಾಲ್ಕೂ ದುಂಡಗೆ, ಹುಣ್ಣಿಮೆಯ ಚಂದ್ರನ ಹಾಗೆ. ಚೌಕದ ನಾಲ್ಕು ಮೂಲೆಗಳಲ್ಲಿ ಕೂರಿಸಿದಂತೆ ಅಚ್ಚುಕಟ್ಟು. ಪಕ್ಕದ ಮನೆಯ ಬಾದಾಮಿ ಮರದ ಎಲೆ ಕೊಳೆತು ಬಿದ್ದ ಬಣ್ಣವೋ, ಕಬ್ಬಿಣದ ತುಕ್ಕೋ? ಎಲೆಯ ಕಲೆ ವಿಟಮಿನ್ ಸಿಗೆ ಜಗ್ಗದು. ತುಕ್ಕಾದರೆ ಕರಗಿ ಓಡುತ್ತದೆ.

ರಾಯರು ಉಸಿರು ಬಿಗಿಹಿಡಿದು ಕಾಲುಚೀಲ ಎತ್ತಿದರು. ಚಂದ್ರನಿದ್ದಲ್ಲಿ ಬೆಳ್ಳಗಿನ ಟೈಲ್!

"ಕಬ್ಬಿಣ! ವೇದಾ, ಕಬ್ಬಿಣ!"

"ನನಗೆ ಕಡಿಮೆ ಉಂಟು ಅಂತ ಡಾಕ್ಟರು ಹೇಳಿದ್ದರು. ಕೊಳಕ್ಕೆ ಜಾಸ್ತಿ ಆಯ್ತಾ?"

ಉಳಿದ ಮೂರು ಚಂದ್ರರಿಗೂ ಅಂದೇ ಗ್ರಹಣ ಹಿಡಿಯಿತು. ರಾಯರು ವಿಜಯಿಯಾಗಿ ಮಹಾಪೆಯ ಬಸ್ಸು ಹತ್ತಿದರು. ಸಂಜೆ ಬಂದು ನೋಡುತ್ತಾರೆ, ನಾಲ್ಕೂ ಅಲ್ಲೇ ಮಸುಕಾಗಿ ಮತ್ತೆ ಮೂಡಿವೆ! ಮರುದಿನ ಇನ್ನಷ್ಟು ಗಾಢ. ಗುಳಿಗೆ ಒತ್ತಿದರೆ ಹೋಗುತ್ತವೆ, ಸಂಜೆಗೆ ಬರುತ್ತವೆ. ಮೆಡಿಕಲ್ ಅಂಗಡಿಯವನು "ಮನೇಲಿ ಯಾರಿಗೆ ಏನಾಗಿದೆ ಸಾಹೇಬ್?" ಎಂದು ಕಳವಳದಿಂದ ವಿಚಾರಿಸತೊಡಗಿದ.

ರಾಯರಿಗೆ ಸಿಟ್ಟು ಬರಲಿಲ್ಲ, ಕುತೂಹಲ ಕೆರಳಿತು. ಏಣಿಯ ಸ್ಕ್ರೂ ತಿರುಗಿಸಿ ನೋಡಿದರು, ಸ್ಟೀಲು, ನಿರಪರಾಧಿ. ಬೋರಿನ ನೀರನ್ನು ಶೀಸೆಯಲ್ಲಿ ಲ್ಯಾಬಿಗೆ ಒಯ್ದರು, ಅದೂ ನಿರಪರಾಧಿ. ಕೊನೆಗೆ ಒಂದು ಸಂಗತಿ ಹೊಳೆಯಿತು. ಶನಿವಾರ, ಭಾನುವಾರ ಕಲೆ ಬೆಳೆಯುವುದಿಲ್ಲ! ವಾರದ ದಿನಗಳಲ್ಲಿ ಮಾತ್ರ! ಎದುರಿನ ರಸ್ತೆಯಲ್ಲಿ ಕಂಬಕ್ಕೆ ಗುಂಡಿ ಕೊರೆಯುವ ಯಂತ್ರಕ್ಕೂ ಶನಿವಾರ ಭಾನುವಾರವೇ ರಜೆ!

"ತಳದ ಕಾಂಕ್ರೀಟಿನೊಳಗೆ ಕಂಬಿಗಳಿವೆಯಲ್ಲ, ಅವು ತುಕ್ಕು ಹಿಡಿದಿವೆ. ಯಂತ್ರ ನಡುಗಿಸಿದಾಗ ತುಕ್ಕು ಟೈಲ್ ಸಂದಿಯಿಂದ ಮೇಲೆ ಬರ್ತದೆ. ಕಂಬಿಗಳು ಕೂಡುವ ಜಾಗದಲ್ಲಿ ಒಂದೊಂದು ಚಂದ್ರ. ಒಡೆಯದೆ ವಿಧಿಯಿಲ್ಲ!"

ವೇದಾವತಿಯವರ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. "ಒಡೆಯುದು ಗಿಡೆಯುದು ಬೇಡ ಮಾರಾಯ್ರೆ. ಕಲೆ ಇದ್ದರೆ ಇರಲಿ. ನನಗೇನೂ ಅವಸರ ಇಲ್ಲ."

"ನಿನಗಿಲ್ಲ, ನಿನ್ನ ಮೊಣಕಾಲಿಗಿದೆ!" ಎಂದರು ರಾಯರು. ಬೇರೇನೋ ಹೇಳಹೊರಟಿದ್ದ ವೇದಾವತಿ ಸೌಟನ್ನು ಮತ್ತೆ ಪಾತ್ರೆಗಿಳಿಸಿದರು.

ಭಾನುವಾರ ವೇದಾವತಿ ಡೊಂಬಿವಲಿಯ ಅಕ್ಕನ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿ ಅಲ್ಲೇ ಉಳಿದರು. ರಾಯರಿಗೆ ರಾಜಯೋಗ! ಪಂಪು ಹಚ್ಚಿ ಕೊಳ ಬರಿದು ಮಾಡಿದರು. ಕೂಡಲೇ ಸೊಸೈಟಿಯ ಕಾರ್ಯದರ್ಶಿ ಪುಂಡರೀಕಾಕ್ಷರ ಫೋನು: "ರಾವ್, ಉಲ್ಹಾಸ ನದಿ ಕಲ್ಯಾಣ ಬಿಟ್ಟು ನಮ್ಮ ಗೇಟಿಗೆ ಬಂದಿದೆ. ನಿಮ್ಮ ಮನೆಯಿಂದಲೇ ಹುಟ್ಟಿದ ಹಾಗೆ ಕಾಣ್ತದೆ!" ರಾಯರು ಕ್ಷಮೆ ಕೇಳಿದರು, ಪಂಪು ನಿಲ್ಲಿಸಲಿಲ್ಲ.

ಸೋಮವಾರ ರಜೆ ಹಾಕಿ, ಸುತ್ತಿಗೆ ಉಳಿ ಹಿಡಿದು, ಬರಿದಾದ ಕೊಳದೊಳಗೆ ಮಂಡಿಯೂರಿದರು. ಮೊದಲನೆಯ ಚಂದ್ರನ ಮೇಲೆ ಏಟು! ಟೈಲ್ ಒಡೆಯಿತು. ಗಾರೆ ಎದ್ದಿತು. ಗೇಣಾಳ ಇಳಿದಾಗ ಕಂಬಿಯೇನೋ ಸಿಕ್ಕಿತು. ಬೂದುಬಣ್ಣದ್ದು, ನಿನ್ನೆ ಅಂಗಡಿಯಿಂದ ತಂದಂತಿತ್ತು. ತುಕ್ಕಿನ ಸುಳಿವೇ ಇಲ್ಲ. ರಾಯರು ಭೂತಗನ್ನಡಿ ಹಿಡಿದು ಗುಂಡಿಗೆ ಮೂಗು ಹಚ್ಚಿದರು.

ಆಗಲೇ ಮೇಲೆ ಗೇಟು ಕಿರುಗುಟ್ಟಿತು. ಮನೆಗೆಲಸದ ಚಂದ್ರಬಾಯಿಯ ದನಿ ಕೇಳಿಸಿತು: "ವಹಿನೀ! ಪಾಣಿ ಕುಠೇ ಗೇಲಂ?" ಅತ್ತಿಗೇ, ನೀರೆಲ್ಲಿ ಹೋಯಿತು ಎಂದು ಅವಳು ಕೇಳುತ್ತಿದ್ದಳು.

ರಾಯರು ತಲೆ ಎತ್ತಿದರು. ಕೊಳದ ಅಂಚಿನಲ್ಲಿ ಚಂದ್ರಬಾಯಿ. ಅವಳ ತಲೆಯ ಮೇಲೆ ಎತ್ತರದ ಕಬ್ಬಿಣದ ಸ್ಟೂಲು. ವೇದಾವತಿಯವರ ತಮ್ಮ ನೌಪಾಡಾದ ಹೋಟೆಲಿನ ಗಲ್ಲಾಕ್ಕೆ ಹೊಸ ಕುರ್ಚಿ ತರಿಸಿದಾಗ ಇವರ ಮನೆಗೆ ದಾಟಿಸಿದ್ದು. ನಾಲ್ಕೂ ಕಾಲುಗಳ ಬುಡದಲ್ಲಿ ದಟ್ಟ ತುಕ್ಕು. ಅವಳ ಹಿಂದೆ ತುಳಸಿಯ ಕುಂಡ ಎದೆಗವಚಿಕೊಂಡ ವೇದಾವತಿ.

"ನೀವು ಮಹಾಪೆಗೆ ಹೋಗಲಿಲ್ವಾ?"

"ನೀನು ಸಂಜೆ ಬರ್ತೇನೆ ಅಂದಿದ್ದೆಯಲ್ಲ?"

ವೇದಾವತಿ ತುಳಸಿಯ ಕುಂಡವನ್ನು ಕೊಳದ ಅಂಚಿನಲ್ಲಿಟ್ಟರು.

"ನೀವು ಮಹಾಪೆಗೆ ಹೋದ ದಿನವೆಲ್ಲ ಮಧ್ಯಾಹ್ನ ನಡೀತಿದ್ದೆ" ಎಂದರು. "ನೀವು ದಡದಲ್ಲಿ ನಿಂತು ಉಸಿರಿಗೂ ಆರ್ಡರ್ ಕೊಟ್ಟರೆ ನಡೆಯುದು ಹೇಗೆ? ಅದಕ್ಕೇ ಕಲೆಯ ನೆಪ ಹೇಳಿದೆ. ಮತ್ತೆ ಸುಮ್ಮನೆ ಆಚೆ ಈಚೆ ತಿರುಗಲಿಕ್ಕೆ ನಾನೇನು ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ಕಾಯುವವಳಾ? ನೆಲದ ಮೇಲೆ ಪ್ರದಕ್ಷಿಣೆ ಆಗದೆ ಎಷ್ಟು ಸಮಯ ಆಯ್ತು! ನೀರಿನ ಮಧ್ಯೆ ಸ್ಟೂಲು, ಸ್ಟೂಲಿನ ಮೇಲೆ ತುಳಸಿ. ಸುತ್ತು ಬಂದರೆ ಡಾಕ್ಟರೂ ಖುಷಿ, ದೇವರೂ ಖುಷಿ."

"ಕಲೆ ನಿನ್ನ ಸ್ಟೂಲಿನದ್ದು ಅಂತ ಗೊತ್ತಿತ್ತಾ?"

"ಕಬ್ಬಿಣ ಅಂತ ನೀವು ಕೂಗಿದ ದಿನವೇ ಗೊತ್ತಾಯ್ತು. ಹೇಳಿದರೆ ನೀವು ಪುನಃ ದಡಕ್ಕೆ ಬಂದು ನಿಲ್ತೀರಿ ಅಂತ ಹೆದರಿಕೆ. ನಿಜವಾಗಿ ಒಡೀತೀರಿ ಅಂತ ಯಾರಿಗೆ ಗೊತ್ತು!"

ಹಾಗೆ ಹೇಳುತ್ತ ಅವರು ಕೊಳದ ಮೆಟ್ಟಿಲುಗಳನ್ನು ಇಳಿದು ಬಂದರು. ಗೋಡೆ ಹಿಡಿಯಲಿಲ್ಲ, "ಅಮ್ಮಾ" ಎನ್ನಲಿಲ್ಲ. ರಾಯರು ಭೂತಗನ್ನಡಿ ಕೆಳಗಿಟ್ಟು ನೋಡಿಯೇ ನೋಡಿದರು.

"ಈಗ ಕಂಡಿತಾ? ಕೊಳದ ಕಲೆ ತಿಂಗಳಿಡೀ ನೋಡಿದಿರಿ. ಹೆಂಡತಿಯ ಕಾಲು ನೋಡಲಿಲ್ಲ."

ಚಂದ್ರಬಾಯಿಯೂ ಇಳಿದು ಬಂದು ಅಭ್ಯಾಸಬಲದಿಂದ ಸ್ಟೂಲನ್ನು ಅದರ ಜಾಗದಲ್ಲಿಟ್ಟಳು. ಮೂರು ಕಾಲು ಮೂರು ಚಂದ್ರರ ಮೇಲೆ ಕೂದಲೆಳೆಯ ವ್ಯತ್ಯಾಸವಿಲ್ಲದೆ ಕುಳಿತವು. ನಾಲ್ಕನೆಯದು ರಾಯರ ಗುಂಡಿಯೊಳಗೆ ಇಳಿದು, ಸ್ಟೂಲು ವಾಲಿ ಅವರಿಗೆ ನಮಸ್ಕಾರ ಮಾಡಿತು.

"ಟೈಲ್ ಹಾಕಿ, ನೀರು ತುಂಬಿಸಿ, ಪ್ಲಾಸ್ಟಿಕ್ ಸ್ಟೂಲು ತರ್ತೇನೆ" ಎಂದರು ರಾಯರು ತಗ್ಗಿದ ದನಿಯಲ್ಲಿ. "ದಡಕ್ಕೆ ಬರುವುದಿಲ್ಲ. ಆಣೆ."

ವೇದಾವತಿ ಗುಂಡಿಯೊಳಗೆ ಬಗ್ಗಿ ನೋಡಿದರು. ಹೊಳೆಯುವ ಕಂಬಿಯನ್ನು ನೋಡಿದರು. ಗಾರೆ ಮೆತ್ತಿದ ಗಂಡನ ಮೂಗನ್ನು ನೋಡಿದರು.

"ಹೌದಾ, ನನ್ನನ್ನು ನೋಡಲಿಕ್ಕೆ ಬಂದ ದಿನ ನಮ್ಮ ಅಪ್ಪಯ್ಯ ಕೇಳಿದ್ದರಲ್ಲ, ಬಿಎಸ್ಸಿಯಲ್ಲಿ ಕೆಮಿಸ್ಟ್ರಿಗೆ ಎಷ್ಟು ಮಾರ್ಕು ಅಂತ? ಒಳಗೆ ಅಡುಗೆಮನೆಗೂ ಕೇಳುವ ಹಾಗೆ ಹೇಳಿದ್ದಿರಿ. ಎಷ್ಟು ಅದು?"

ರಾಯರು ಮೂಗು ಒರೆಸಿಕೊಂಡರು.

"ನೂರಕ್ಕೆ ತೊಂಬತ್ತೇಳು."