ದುಭಾಷಿ ಕೇಳಿಸಿಕೊಂಡ ಮಾತು

ಪರಊರಿಗೆ ಹೋದಾಗ ದಿನಕ್ಕೊಮ್ಮೆ ಮನೆಗೆ ಫೋನು ಮಾಡುವವನು ಒಳ್ಳೆಯ ಗಂಡ ಎಂದು ನಾನು ಬಹಳ ಕಾಲ ನಂಬಿದ್ದೆ. ನಂಬುವುದಕ್ಕೆ ಮುಖ್ಯ ಕಾರಣ, ಅಂಥವನು ನಾನೇ ಆಗಿದ್ದುದು. ಕೆಲಸದ ಮೇಲೆ ಎಲ್ಲಿಗೇ ಹೋಗಲಿ, ಒಂದು ದಿನವೂ ತಪ್ಪಿಸಿದವನಲ್ಲ. ಆ ಫೋನಿನಲ್ಲಿ ಮಾತಾಡುವವರು ಯಾರು, ಕೇಳುವವರು ಯಾರು ಎಂಬುದನ್ನು ಮಾತ್ರ ಇಪ್ಪತ್ತು ವರ್ಷ ಗಮನಿಸಿರಲಿಲ್ಲ.

ನಮ್ಮ ಕಂಪನಿ ಬೇಕರಿಗಳಿಗೆ ದೊಡ್ಡ ದೊಡ್ಡ ಓವನ್ ತಯಾರಿಸುತ್ತದೆ. ಧಾರವಾಡದಲ್ಲಿ ಜೋಳದ ರೊಟ್ಟಿ ತಿಂದು ಬೆಳೆದವನು ಲಂಡನ್ನಿನ ಇಲ್ಫರ್ಡ್‌ನಲ್ಲಿ ಮನೆ ಮಾಡಿಕೊಂಡು, ಬ್ರೆಡ್ಡು ಸುಡುವ ಯಂತ್ರದ ಗುಣಗಾನದಿಂದ ಹೊಟ್ಟೆ ಹೊರೆಯುತ್ತಾನೆ ಎಂದರೆ ನಮ್ಮಜ್ಜಿ ನಂಬುತ್ತಿರಲಿಲ್ಲ. ಹೋದ ವರ್ಷ ಅದೇ ಗುಣಗಾನಕ್ಕೆ ನನ್ನನ್ನು ವಿಯೆಟ್ನಾಂಗೆ ಕಳಿಸಿದರು. ಹನೋಯ್, ಹೈಫಾಂಗ್, ದನಾಂಗ್, ಕೊನೆಗೆ ಸೈಗಾನ್. ಜೊತೆಗೆ ಲಾನ್ ಎಂಬ ದುಭಾಷಿ. ಐವತ್ತು ದಾಟಿದ, ಮಿತಭಾಷಿ ಹೆಂಗಸು. ನಾನು ಓವನ್ನಿನ ಬಗ್ಗೆ ಹತ್ತು ನಿಮಿಷ ಹೇಳಿದ್ದನ್ನು ಆಕೆ ಎರಡು ವಾಕ್ಯದಲ್ಲಿ ಮುಗಿಸುತ್ತಿದ್ದರು. ಉಳಿದದ್ದನ್ನು ಎಲ್ಲಿ ಹಾಕಿದರೆಂದು ನಾನು ಕೇಳಲಿಲ್ಲ.

ನಾನು ಸಸ್ಯಾಹಾರಿ. ಅಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಹಾಕುತ್ತಾರೆ ಎಂದು ಹನೋಯ್‌ನಲ್ಲಿ ಮೊದಲನೇ ತುತ್ತು ಬಾಯಿಗಿಟ್ಟ ಮೇಲೆ ಗೊತ್ತಾಯಿತು. ಇಂಥ ಸುದ್ದಿಯನ್ನು ಒಳಗೇ ಇಟ್ಟುಕೊಳ್ಳುವ ಶಕ್ತಿ ನನಗಿಲ್ಲ. ಮಧ್ಯಾಹ್ನ ನಾಲ್ಕಕ್ಕೆ ಕಾರಿನಲ್ಲಿ ಲಾನ್ ಪಕ್ಕ ಕೂತು, ಎಂದಿನಂತೆ ಸ್ಪೀಕರ್ ಹಾಕಿ, ಹೆಂಡತಿ ಸುಮಂಗಲಾಗೆ ಫೋನು ಮಾಡಿದೆ. ಇಲ್ಫರ್ಡ್‌ನಲ್ಲಿ ಆಗ ಬೆಳಗಿನ ಹತ್ತು.

"ರೀ, ನಂಗ ನಿನ್ನೆಯಿಂದ ಹೊಟ್ಟಿ..." ಎಂದು ಅವಳು ಶುರು ಮಾಡಿದಳು.

"ಹೊಟ್ಟಿ ಸುದ್ದಿ ತಗೀಬ್ಯಾಡ ಮಾರಾಯ್ತಿ, ಮದಲ ನನ್ನ ಹೊಟ್ಟಿ ಕಥಿ ಕೇಳು," ಎಂದೆ. ಅವಳು ಕೇಳಿದಳು. ಇಪ್ಪತ್ತು ನಿಮಿಷ.

ಮರುದಿನ ಹೈಫಾಂಗ್‌ನಿಂದ ಮಾಡಿದಾಗ ಎತ್ತಿದವಳು ಮಗಳು ಅನಘಾ. ಹದಿನಾರು ವರ್ಷ, ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಮಮ್ಮಿ ಈಸ್ ಸ್ಲೀಪಿಂಗ್, ಅಪ್ಪಾ," ಎಂದಳು. ಬೆಳಗಿನ ಹತ್ತಕ್ಕೆ ಸುಮಂಗಲಾ ಮಲಗಿದ್ದನ್ನು ನಾನು ಮದುವೆಯಾದಾಗಿನಿಂದ ಕಂಡಿಲ್ಲ. ಆದರೂ ಯಾಕೆಂದು ಕೇಳದೆ, ಅವಳಿಗೆ ಹೇಳಬೇಕೆಂದಿದ್ದ ಊಟದ ಪ್ರಸಂಗವನ್ನು ಮಗಳಿಗೇ ಹೇಳಿ ಮುಗಿಸಿದೆ.

ಮೂರನೆಯ ದಿನ ದನಾಂಗ್, ಮತ್ತೆ ಕಾರಿನಲ್ಲೇ, ಸ್ಪೀಕರ್ ಹಾಕಿ. ಆವತ್ತು ಸುಮಂಗಲಾಳೇ ಮಾತಾಡಿದಳು. "ಆರಾಮ್ ಅದೀನ್ರಿ. ಊಟ ಆತೇನು?" ಎಂದಳು. ಆಗಿತ್ತು, ಅದರ ವಿವರವನ್ನೂ ಕೊಟ್ಟೆ. ಫೋನು ಜೇಬಿಗೆ ಹಾಕಿಕೊಂಡಾಗ ಪಕ್ಕದಲ್ಲಿದ್ದ ಲಾನ್ ಇಂಗ್ಲಿಷಿನಲ್ಲಿ ಕೇಳಿದರು, "ನಿಮ್ಮ ಹೆಂಡತಿಗೆ ಏನಾಗಿದೆ?"

"ಏನೂ ಇಲ್ಲ. ಚೆನ್ನಾಗಿದ್ದಾಳೆ."

"ನಿಮ್ಮ ಭಾಷೆ ನನಗೆ ಬರುವುದಿಲ್ಲ. ಆದರೆ ಅವರು ಮಲಗಿಕೊಂಡು ಮಾತಾಡುತ್ತಿದ್ದಾರೆ. ಎರಡೆರಡು ಶಬ್ದಕ್ಕೆ ಉಸಿರು ತೆಗೆದುಕೊಳ್ಳುತ್ತಾರೆ. ಮೊನ್ನೆ ಹಾಗಿರಲಿಲ್ಲ. ನೀವು ನಕ್ಕಿರಿ, ಅವರೂ ನಗಲು ಹೋಗಿ ನೋವಿನಿಂದ ನಿಲ್ಲಿಸಿದರು. ನಿಮಗೆ ಕೇಳಿಸಲಿಲ್ಲವೇ?"

ನನಗೆ ಪ್ರತಿಯೊಂದು ಶಬ್ದವೂ ಕೇಳಿಸಿತ್ತು. ಅಷ್ಟೇ ಕೇಳಿಸಿತ್ತು.

ಮತ್ತೆ ಫೋನು ಮಾಡಿದೆ. "ಖರೇ ಹೇಳು, ಎಲ್ಲಿ ಇದ್ದೀ?" ಎಂದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. "ದವಾಖಾನ್ಯಾಗ ಅದೀನ್ರಿ. ಅಪೆಂಡಿಕ್ಸ್ ಒಡದಿತ್ತಂತ. ಆಪರೇಶನ್ ಮಾಡಿ ತಗದಾರ. ಬಾಜೂ ಮನಿ ಆಂಟಿ ಕಾರಿನ್ಯಾಗ ಕರ್ಕೊಂಡು ಬಂದ್ರು. ತಡಾ ಮಾಡಿದ್ರ ಕಷ್ಟ ಇತ್ತು ಅಂದ್ರು ಡಾಕ್ಟ್ರು."

"ನಂಗ್ಯಾಕ ಹೇಳಲಿಲ್ಲ?"

"ಹೇಳಾಕ ಬಂದೆ. ನಿಮ್ಮ ಮೀನಿನ ಸಾಸ್ ಮುಗೀಲೇ ಇಲ್ಲ. ಆಮ್ಯಾಲ ಅನಿಸ್ತು, ಅಲ್ಲಿ ನೀವು ಗಾಬರಿ ಆದ್ರ ನಿಮ್ಮನ್ನ ಸಂಭಾಳಸವ್ರು ಯಾರು ಅಂತ."

ಫೋನು ಕಾರಿನ ಸೀಟಿನ ಸಂದಿಗೆ ಬಿತ್ತು. ಅದನ್ನು ಹೆಕ್ಕಿಕೊಟ್ಟವರು ಲಾನ್. ವಿಮಾನದ ಟಿಕೆಟ್ಟು ಬದಲಾಯಿಸಿದವರೂ ಅವರೇ. ಸೈಗಾನ್‌ನ ದೊಡ್ಡ ಗಿರಾಕಿಯ ಗತಿ ಏನು ಎಂದು ನಾನು ತೊದಲಿದಾಗ, "ನಾನು ಹೋಗುತ್ತೇನೆ. ನೀವು ಹೇಳುವುದೆಲ್ಲ ನನಗೆ ಬಾಯಿಪಾಠ," ಎಂದರು. ನನ್ನ ಮೂರು ಊರಿನ ಭಾಷಣಕ್ಕೆ ಒಂದು ಓವನ್ ಮಾರಾಟವಾಗಿತ್ತು. ಲಾನ್ ಸೈಗಾನ್‌ನಲ್ಲಿ ಒಬ್ಬರೇ ನಿಂತು ನಾಲ್ಕು ಮಾರಿದರೆಂದು ಆಮೇಲೆ ಆಫೀಸಿನಲ್ಲಿ ತಿಳಿಯಿತು. ನನ್ನ ಮ್ಯಾನೇಜರ್ ಆ ವಿಷಯವನ್ನು ಈಗಲೂ ಮರೆತಿಲ್ಲ.

ವಿಮಾನ ನಿಲ್ದಾಣದಿಂದ ನೇರ ಆಸ್ಪತ್ರೆಗೆ ಹೋದೆ. ಸುಮಂಗಲಾ ಕಿಟಕಿಯ ಪಕ್ಕದ ಮಂಚದ ಮೇಲೆ, ಅರ್ಧ ಆಗಿಹೋದವಳ ಹಾಗೆ ಕಂಡಳು. ಅನಘಾ ಕಿತ್ತಳೆ ಸುಲಿಯುತ್ತಿದ್ದಳು. "ನೀನಾದ್ರೂ ಹೇಳಬಾರದಿತ್ತೇನವ್ವಾ?" ಎಂದೆ. ಅವಳು ತಲೆ ಎತ್ತಲಿಲ್ಲ. "ಯು ನೆವರ್ ಆಸ್ಕ್‌ಡ್, ಅಪ್ಪಾ."

"ಸೈಗಾನ್ ಕೆಲಸ ಬಿಟ್ಟು ಬಂದ್ರೇನು?" ಎಂದಳು ಸುಮಂಗಲಾ.

"ಲಾನ್ ನೋಡ್ಕೋತಾರ."

"ಯಾರು ಲಾನ್?"

ಮೂರು ದಿನ ಫೋನಿನಲ್ಲಿ ಅಷ್ಟು ಮಾತಾಡಿದ ನಾನು ಜೊತೆಗಿದ್ದ ಹೆಂಗಸಿನ ಹೆಸರನ್ನೂ ಹೇಳಿರಲಿಲ್ಲ. ಆಗ ಹೇಳಿದೆ, ಆಕೆ ಕೇಳಿಸಿಕೊಂಡದ್ದನ್ನೂ ಹೇಳಿದೆ. ಸುಮಂಗಲಾ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ಕಣ್ಣೊರೆಸಿಕೊಂಡು, "ಆಕಿಗೆ ಒಂದು ಛಲೋ ಸೀರಿ ಕಳಸೋಣು," ಎಂದಳು.

"ಅಲ್ಲೆ ಅವ್ರು ಸೀರಿ ಉಡ್ತಾರೇನು?"

"ಉಡ್ಲಿ, ಬಿಡ್ಲಿ. ಇಟ್ಕೊಳ್ಳಲಿ."

ನಡೆಯುವ ಹಾಗಾದ ಮೇಲೆ ಲಂಡನ್ನಿನ ಈಸ್ಟ್ ಹ್ಯಾಮ್‌ನ ಸೀರೆ ಅಂಗಡಿಯಲ್ಲಿ ಎರಡು ತಾಸು ಕೂತು ಅವಳೇ ಆರಿಸಿದಳು, ಗಿಣಿಹಸಿರು ಬಣ್ಣದ್ದು. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅಷ್ಟರ ಮಟ್ಟಿಗೆ ಸುಧಾರಿಸಿದ್ದೇನೆ ಎಂದುಕೊಂಡೆ.

ಇದನ್ನೆಲ್ಲ ಬರೆದು ನಿನ್ನೆ ಅವಳಿಗೆ ಓದಿ ತೋರಿಸಿದೆ. ಕೊನೆಯವರೆಗೂ ಕೇಳಿ, "ಛಲೋ ಅದ. ಆದ್ರ ಆಪರೇಶನ್ ಆಗಿದ್ದು ನಂಗ. ಇದರಾಗ ಪೂರಾ ನಿಮ್ಮ ಸುದ್ದೀನ ಅದ ಅಲ್ಲ?" ಎಂದಳು. ತಿದ್ದೋಣವೆಂದು ಕೂತೆ. ಆ ಮೂರು ದಿನ ಅವಳಿಗೆ ಏನೇನಾಯಿತು ಎಂದು ಬರೆಯಲು ಪೆನ್ನು ಎತ್ತಿದರೆ, ನನಗೆ ಗೊತ್ತಿದ್ದದ್ದು ಅವಳು ಫೋನಿನಲ್ಲಿ ಹೇಳಿದ, ಮೇಲೆ ಬರೆದಿರುವ ನಾಲ್ಕು ಸಾಲು ಮಾತ್ರ.