ಸುನಂದಾಳಿಗೆಂದೇ ಬರೆದ ಹಾಡು

ನಾನು ವೃತ್ತಿಯಿಂದ ಡಾಕ್ಟರ್, ಪ್ರತಿಭೆಯಿಂದ ಕವಿ. ಎರಡನೆಯದನ್ನು ಲಂಡನ್ನಿನಲ್ಲಿ ಯಾರೂ ಕೇಳುವುದಿಲ್ಲವಾದ್ದರಿಂದ ನಾನೇ ಹೇಳಬೇಕಾಗುತ್ತದೆ!

ಹುಬ್ಬಳ್ಳಿಯಲ್ಲಿ ಮೆಡಿಕಲ್ ಓದುವಾಗ ನಾವು ನಾಲ್ವರು ಗೆಳೆಯರು 'ನಾಡಿಮಿಡಿತ' ಎಂಬ ಆರ್ಕೆಸ್ಟ್ರಾ ಕಟ್ಟಿದ್ದೆವು. ಕೀಬೋರ್ಡ್ ಶ್ರೀಕಾಂತನದು, ಗಾಯನ ನನ್ನದು. ರಜೆಯಲ್ಲಿ ಮದುವೆಗಳಿಗೆ ಹೋಗಿ ಹಾಡುತ್ತಿದ್ದೆವು, ಹೊಟ್ಟೆ ಬಿರಿಯುವಂತೆ ಉಣ್ಣುತ್ತಿದ್ದೆವು. ಅಂಥ ಸುಖವನ್ನು ನಾನು ಮತ್ತೆ ಕಂಡಿಲ್ಲ.

ಆಗಿನ ನನ್ನ ಶ್ರೇಷ್ಠ ಕೃತಿ 'ನಕ್ಕರೆ ಸುನಂದಾ, ನಾಚ್ಯಾವು ಮಲ್ಲಿಗಿ'. ಸುನಂದಾ ನನ್ನ ಹೆಂಡತಿ. ಹೆಣ್ಣು ನೋಡಲು ಹೋದ ದಿನವೇ ಅದನ್ನು ಹಾಡಿ, "ನಿನಗಂತನ ಬರದದ್ದು" ಎಂದಿದ್ದೆ. ಆಕೆಯನ್ನು ನಾನು ಕಂಡದ್ದೇ ಅಂದು ಎಂಬ ಸಣ್ಣ ತೊಡಕನ್ನು ಪುಣ್ಯಕ್ಕೆ ಯಾರೂ ಎತ್ತಲಿಲ್ಲ. ಹಾಡಿ ಹಾಡಿ ಕೊನೆಗೆ ನಾನೂ ಅದನ್ನು ನಂಬಿಬಿಟ್ಟೆ.

ಮದುವೆಯಾಗಿ ಮೂವತ್ತು ವರ್ಷ ತುಂಬಿತೆಂದು ಲಂಡನ್ನಿನ ಕೆಂಟನ್ ಬಡಾವಣೆಯ ಒಂದು ಹಾಲ್‌ನಲ್ಲಿ ಊಟ ಇಟ್ಟುಕೊಂಡೆವು. ಹಾಡುತ್ತೇನೆಂದೆ.

"ಬ್ಯಾಡ್ರಿ, ಮಂದಿ ಊಟಕ್ಕ ಬಂದಿರ್ತಾರ" ಎಂದಳು ಸುನಂದಾ.

ಹಾಡಿದೆ! ಮೊದಲ ಸಾಲು ಮುಗಿಯುವ ಮೊದಲೇ, ಹೇಸ್ ಬಡಾವಣೆಯಿಂದ ಬಂದಿದ್ದ ಹೊಸ ಪರಿಚಯದ ಗಿರಿಜಕ್ಕ ಎದ್ದು ನಿಂತರು. "ಅಯ್ಯ, ಇದು ನಮ್ಮ ಮದುವ್ಯಾಗಿನ ಹಾಡು! 'ನಕ್ಕರೆ ಗಿರಿಜಾ' ಅಂತಿತ್ತು!"

ಈಗ ನಿಜ ಹೇಳಲೇಬೇಕು. ಆ ಜಾಗದಲ್ಲಿ ಮೂರಕ್ಷರದ ಯಾವ ಹೆಸರಾದರೂ ಕೂರುತ್ತಿತ್ತು. ಹೋದ ಮದುವೆಯಲ್ಲೆಲ್ಲ ಮದುಮಗಳ ಹೆಸರು ಹಾಕಿ ಹಾಡುವುದೇ ನಮ್ಮ ಪದ್ಧತಿ. ನಾನು ಗಲಿಬಿಲಿಗೊಂಡು, ಆ ಸಾಲು ಮತ್ತೆ ಬಂದಾಗ 'ಗಿರಿಜಾ' ಎಂದೇ ಹಾಡಿದೆ. ಜನ ಚಪ್ಪಾಳೆ ಹೊಡೆದರು. ಸುನಂದಾ ಹೊಡೆಯಲಿಲ್ಲ. ತಪ್ಪು ತಿದ್ದಲು ಹೋದರೆ ಬಾಯಿಗೆ ಬಂದದ್ದು 'ವನಜಾ'. ಆ ಹೆಸರಿನವರು ಸಭೆಯಲ್ಲೇ ಇರಲಿಲ್ಲ!

ಮರುದಿನ ಚಹಾ ಕೊಡುತ್ತ ಸುನಂದಾ ಕೇಳಿದಳು, "ಮೊದಲ ಯಾರಿಗಂತ ಬರದಿದ್ರಿ? ಖರೇ ಹೇಳ್ರಿ." ಅವಳ ದನಿ ಸಣ್ಣಗಾಗಿತ್ತು. ನನಗೆ ನಿಜಕ್ಕೂ ಬೇಸರವಾಯಿತು. ಆದರೆ ಎಷ್ಟು ತಲೆ ಕೆರೆದುಕೊಂಡರೂ ಬರೆದ ದಿನವೇ ನೆನಪಾಗಲಿಲ್ಲ. ಸಾಕ್ಷಿಗೆಂದು ಹುಬ್ಬಳ್ಳಿಯ ಶ್ರೀಕಾಂತನಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದೆ.

"ಲೇ ಶ್ರೀಕಾಂತ, ಆ ಮಲ್ಲಿಗಿ ಹಾಡು ನಾ ಯಾರಿಗಂತ ಬರದಿದ್ದೆ? ಹೇಳಪಾ."

"ನೀ ಎಲ್ಲಿ ಬರದಿ? ಅದು ನಾ ಬರದದ್ದು. ಶಬ್ದಾನೂ ನಂದು, ಧಾಟೀನೂ ನಂದು."

"ಹಂಗಾರ ನಾ ಏನ್ ಬರೀತಿದ್ದೆ?"

"ಮದುವಿಮನ್ಯಾಗ ಹೆಣ್ಣಿನ ಹೆಸರು ಕೇಳ್ಕೊಂಡು ಚೀಟಿ ಮ್ಯಾಲ ಬರೀತಿದ್ದಿ. ಅದೂ ಒಮ್ಮೊಮ್ಮೆ ತಪ್ಪು!"

ಸುನಂದಾ ಫೋನನ್ನು ತನ್ನತ್ತ ಎಳೆದುಕೊಂಡಳು. "ಶ್ರೀಕಾಂತಣ್ಣಾ, ಹಾಡು ಭಾಳ ಛಲೋ ಬರದೀರಿ."

ಮೂವತ್ತು ವರ್ಷದಲ್ಲಿ ಅವಳು ಆ ಹಾಡನ್ನು ಹೊಗಳಿದ್ದು ಅದೇ ಮೊದಲು!